ತೋಟದ ದಾರಿಗೆ ಲೆಕ್ಸಸ್ ಇಎಸ್ 300ಎಚ್: ಈ ವಿನ್ಯಾಸ ನಮ್ಮ ಕೊಡಗಿಗೆ ಹೊಂದುತ್ತದೆಯೇ?

ಅಮ್ಮತ್ತಿ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಅಮ್ಮತ್ತಿಯ ಹತ್ತಿರವಿದೆ. ಡಾಂಬರು ರಸ್ತೆ ಬಿಟ್ಟ ಮೇಲೆ ಸುಮಾರು 600 ಮೀಟರ್ ತೋಟದ ದಾರಿಯಲ್ಲಿ ಹೋಗಬೇಕು. ನಡುವೆ ಒಂದು ಮೋರಿ, ಕಣದ ಪಕ್ಕದಲ್ಲಿ ಒಂದು ಏರು ತಿರುವು. ತಂದೆಯವರಿಗೆ ಈಗ 74 ವರ್ಷ. ಕಳೆದ ವರ್ಷ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ತಿಂಗಳಿಗೆ ಒಂದೆರಡು ಸಲ ಮೈಸೂರಿಗೆ ಹೋಗಿಬರಬೇಕಾಗಿದೆ. ಹಳೆಯ ಜೀಪಿನಲ್ಲಿ ಹುಣಸೂರು ದಾಟುವಷ್ಟರಲ್ಲಿ ಅವರು ಮಾತು ನಿಲ್ಲಿಸಿ ಕಿಟಕಿಯ ಹಿಡಿ ಹಿಡಿದುಕೊಂಡು ಕೂತುಬಿಡುತ್ತಾರೆ.

ಬೆಂಗಳೂರಿನಲ್ಲಿರುವ ನಮ್ಮ ಸೋದರಮಾವನ ಮಗ ತನ್ನ 2020ರ ಲೆಕ್ಸಸ್ ಇಎಸ್ 300ಎಚ್ ಕಾರನ್ನು ಮಾರಲಿದ್ದಾನೆ. 41,000 ಕಿಲೋಮೀಟರ್ ಓಡಿದೆ, ಮನೆಯವರಿಗೆಂದು ನ್ಯಾಯವಾದ ಬೆಲೆಯನ್ನೇ ಹೇಳಿದ್ದಾನೆ. ಕಾರನ್ನು ನೋಡಿ ಬಂದೆವು. ಹಿಂದಿನ ಸೀಟಿನಲ್ಲಿ ಕುಳಿತು ನೈಸ್ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದಾಗ, ಇಂಜಿನ್ ಓಡುತ್ತಿದೆಯೋ ನಿಂತಿದೆಯೋ ನನಗೆ ತಿಳಿಯಲಿಲ್ಲ. ತಂದೆಯವರು ಮಾತ್ರ ಇಳಿದು ಮುಂದೆ ಹೋಗಿ ಗ್ರಿಲ್ ಅನ್ನೇ ನೋಡುತ್ತಾ ನಿಂತು, "ಇದರ ಮುಖ ನಮ್ಮ ದುಡಿಯ ಹಾಗಿದೆಯಲ್ಲ" ಎಂದರು. ಕೊಡವರ ಆ ಪುಟ್ಟ ವಾದ್ಯದಂತೆಯೇ ಮೇಲೆ ಅಗಲ, ನಡು ಸಣ್ಣ, ಕೆಳಗೆ ಮತ್ತೆ ಅಗಲ. ಅವರು ಹೇಳಿದ ಮೇಲೆ ನನಗೂ ಅದು ಬೇರೆ ರೀತಿ ಕಾಣುತ್ತಿಲ್ಲ.

ನನ್ನ ಸಂದೇಹಗಳು ಇವು. ಇಷ್ಟು ತಗ್ಗಾದ, ಇಷ್ಟು ಉದ್ದದ ಕಾರು ನಮ್ಮ ದಾರಿಯಲ್ಲಿ ಹೊಟ್ಟೆ ತಾಗಿಸದೆ ಬರುತ್ತದೆಯೇ? ಪೆಟ್ರೋಲ್ ಇಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಇದರ ಹೈಬ್ರಿಡ್ ವ್ಯವಸ್ಥೆ ಘಾಟಿಯಲ್ಲಿ, ಮುಖ್ಯವಾಗಿ ಇಳಿಜಾರಿನಲ್ಲಿ, ಹೇಗೆ ನಡೆದುಕೊಳ್ಳುತ್ತದೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತೇವದಲ್ಲಿ ಒಳಗಿನ ಚರ್ಮ, ಮರದ ಗತಿ ಏನು? ಲೆಕ್ಸಸ್ ಟೊಯೊಟಾದವರದೇ ಬ್ರಾಂಡ್ ಅಲ್ಲವೇ, ಅವರ ಕ್ಯಾಮ್ರಿಗಿಂತ ಇದು ನಿಜವಾಗಿಯೂ ಬೇರೆಯೇ ಕಾರೋ, ಅಥವಾ ಹೆಸರಿಗಷ್ಟೇ ಬೇರೆಯೋ? ಬಳಸಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಗೋಣಿಕೊಪ್ಪಲು ವಾಸಿ:

ನಾನು ಇದೇ ಪೀಳಿಗೆಯ ಇಎಸ್ ಅನ್ನು ನಾಲ್ಕು ವರ್ಷಗಳಿಂದ ಓಡಿಸುತ್ತಿದ್ದೇನೆ. ಮೊದಲು ನೀವು ಕೇಳದೆ ಬಿಟ್ಟ ಒಂದು ವಿಷಯವನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಗೆ ಮುಖ್ಯವಾದುದು ಅದೇ ಎಂದು ನನಗೆ ತೋರುತ್ತದೆ. ಈ ಕಾರಿನ ಒಟ್ಟು ಎತ್ತರ 1,445 ಮಿಲಿಮೀಟರ್ ಮಾತ್ರ. ಸೀಟೂ ಅದಕ್ಕೆ ತಕ್ಕಂತೆ ತಗ್ಗಿನಲ್ಲಿದೆ. ಜೀಪಿಗೆ ಹತ್ತುವವರು ಹತ್ತುತ್ತಾರೆ, ಇದರೊಳಗೆ ಇಳಿಯಬೇಕು. ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ ಮಂಡಿಗಿಂತ ಸೊಂಟ ತಗ್ಗುವಂತೆ ಕೂರಬಾರದೆಂದು ವೈದ್ಯರು ಹೇಳುವುದುಂಟು. ನಮ್ಮ ಅತ್ತೆಯವರಿಗೆ ಇದೇ ತೊಂದರೆಯಾಗಿ, ಎರಡು ಅಂಗುಲ ದಪ್ಪದ ಗಟ್ಟಿ ದಿಂಬೊಂದನ್ನು ಹೊಲಿಸಿ ಹಾಕಿದ ಮೇಲೆಯೇ ಸರಿಹೋಯಿತು. ಆದ್ದರಿಂದ ಸೀಟಿನ ಮೆತ್ತನೆಯನ್ನಷ್ಟೇ ನೋಡದೆ, ನಿಮ್ಮ ತಂದೆಯವರು ಯಾರ ನೆರವೂ ಇಲ್ಲದೆ ಮೂರು ಸಲ ಕುಳಿತು ಎದ್ದು ನೋಡಲಿ.

ಒಮ್ಮೆ ಕುಳಿತ ಮೇಲೆ ಮಾತ್ರ ಆ ಹಿಂದಿನ ಸೀಟಿಗೆ ಸಾಟಿ ಕಡಿಮೆ. ಚಕ್ರದಿಂದ ಚಕ್ರಕ್ಕೆ 2,870 ಮಿಲಿಮೀಟರ್ ಅಂತರವಿರುವುದರಿಂದ ಕಾಲು ಚಾಚಲು ಧಾರಾಳವಾಗಿ ಜಾಗವಿದೆ. ಮೇಲಿನ ಆವೃತ್ತಿಯಲ್ಲಿ ಹಿಂದಿನ ಒರಗು 8 ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತದೆ; ನಡುವಿನ ಕೈಯಾಸರೆಯನ್ನು ಕೆಳಗಿಳಿಸಿದರೆ ಎ.ಸಿ., ಪರದೆ, ಹಾಡು ಎಲ್ಲದರ ಗುಂಡಿಗಳೂ ಬೆರಳ ತುದಿಗೇ ಸಿಗುತ್ತವೆ. ಬಾಗಿಲು ಮುಚ್ಚುವ ಸದ್ದನ್ನು ಒಮ್ಮೆ ಗಮನಿಸಿ: ತಗಡಿನ ಬಡಿತ ಅದರಲ್ಲಿಲ್ಲ, ಭತ್ತದ ಮೂಟೆಯನ್ನು ನೆಲಕ್ಕಿಟ್ಟಂತೆ ಕೇಳುತ್ತದೆ.

ಆನೆಚೌಕೂರಿನ ಕಾಡುದಾರಿಯ ಹಂಪ್‌ಗಳ ವಿಷಯ. ಹಂಪ್ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಗದಿ ಮಾಡಿದೆ: 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ. ಆ ಅಳತೆಯ ಹಂಪ್‌ನಲ್ಲಿ ಈ ಕಾರು ದೋಣಿಯಂತೆ ಏರಿ ಇಳಿಯುತ್ತದೆ. ಊರಿನವರು ತಾವೇ ಸುರಿದ ಗಿಡ್ಡ, ಕಡಿದಾದ ಹಂಪ್‌ಗಳಲ್ಲಿ ಮಾತ್ರ ಎರಡು ಸಲ ಹೊಟ್ಟೆ ಉಜ್ಜಿದೆ. ಎರಡೂ ಸಲ ಕಾರಿನಲ್ಲಿ ಐವರಿದ್ದೆವು. ಒಬ್ಬನೇ ಇದ್ದಾಗ ಎಲ್ಲಿಯೂ ತಾಗಿಲ್ಲ. ಚಕ್ರದ ಅಳತೆ 235/45 ಆರ್ 18. ಅಂದರೆ ಟೈರಿನ ಪಕ್ಕೆ ಹತ್ತೂವರೆ ಸೆಂಟಿಮೀಟರ್ ಎತ್ತರವಷ್ಟೇ ಇರುತ್ತದೆ. ತೋಟದ ದಾರಿಯಲ್ಲಿ ಮೊನಚು ಕಲ್ಲಿದ್ದರೆ ಹೊಟ್ಟೆಗಿಂತ ಮೊದಲು ಆ ಪಕ್ಕೆಯ ಬಗ್ಗೆ ಎಚ್ಚರವಿರಲಿ. ಕಳೆದ ಜುಲೈನಲ್ಲಿ ಕೆಸರು ನೀರಿನಡಿ ಅಡಗಿದ್ದ ಸೀಳುಗಲ್ಲೊಂದು ನನ್ನ ಒಂದು ಟೈರನ್ನು ಕೊಯ್ದು ಹಾಕಿತು, ಪಂಕ್ಚರ್ ಹಾಕಿಸುವಂತೆಯೂ ಇರಲಿಲ್ಲ.

ಮಡಿಕೇರಿ ನಿವೃತ್ತ ಇಂಜಿನಿಯರ್:

ಹೈಬ್ರಿಡ್ ಬಗೆಗಿನ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಘಾಟಿಯಲ್ಲಿ ಕ್ಲಚ್ ಸುಟ್ಟುಹೋಗುವುದಿಲ್ಲವೇ, ಬೆಲ್ಟ್ ತುಂಡಾಗುವುದಿಲ್ಲವೇ ಎಂದು ನನ್ನನ್ನು ಕೇಳಿದವರು ಹಲವರಿದ್ದಾರೆ. ಈ ಕಾರಿನ ಗೇರ್ ವ್ಯವಸ್ಥೆಯಲ್ಲಿ ಸವೆಯುವ ಕ್ಲಚ್ಚೂ ಇಲ್ಲ, ಬೆಲ್ಟೂ ಇಲ್ಲ. ನಡುವೆ ಒಂದು ಹಲ್ಲುಚಕ್ರ, ಅದರ ಸುತ್ತ ತಿರುಗುವ ಸಣ್ಣ ಹಲ್ಲುಚಕ್ರಗಳು, ಅವನ್ನು ಬಳಸಿ ನಿಂತ ಹೊರಬಳೆ, ಇಷ್ಟೇ ಇರುವ ಒಂದು ಜೋಡಣೆಯ ಮೂಲಕ ಇಂಜಿನ್ನೂ ಎರಡು ವಿದ್ಯುತ್ ಮೋಟಾರುಗಳೂ ಕೆಲಸವನ್ನು ಹಂಚಿಕೊಳ್ಳುತ್ತವೆ. ಬೇರೆ ಕಾರುಗಳಲ್ಲಿರುವಂಥ ಸ್ಟಾರ್ಟರ್ ಆಗಲಿ ಆಲ್ಟರ್ನೇಟರ್ ಆಗಲಿ ಇಲ್ಲಿಲ್ಲ. ಆ ಕೆಲಸವನ್ನೂ ಇದೇ ವ್ಯವಸ್ಥೆ ಮಾಡುತ್ತದೆ. 2.5 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ ಮತ್ತು ಮೋಟಾರು ಸೇರಿ 218 ಅಶ್ವಶಕ್ತಿ ಸಿಗುತ್ತದೆ. ಕುಶಾಲನಗರದಿಂದ ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಏರುವಾಗ ಶಕ್ತಿ ಸಾಲದು ಎನಿಸುವುದಿಲ್ಲ. ಆದರೆ ಪೆಡಲನ್ನು ಪೂರ್ತಿ ಒತ್ತಿ ಹಿಡಿದರೆ ಇಂಜಿನ್ ಒಂದೇ ಶ್ರುತಿಯಲ್ಲಿ ಗೊಣಗುತ್ತಾ ಇರುತ್ತದೆ, ವೇಗ ನಿಧಾನವಾಗಿ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಈ ಕಾರಿನ ಮೌನವನ್ನು ನೆಚ್ಚಿಕೊಂಡವರಿಗೆ ಅದೊಂದು ಕಿರಿಕಿರಿ.

ಇನ್ನು ಇಳಿಜಾರು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆಗೆ ಇಳಿದಾಗ ನಾವು ಹೆಚ್ಚುಕಡಿಮೆ ಸಾವಿರ ಮೀಟರ್ ಕೆಳಗೆ ಬಂದಿರುತ್ತೇವೆ. ಕಾರಿನ ತೂಕ ಸುಮಾರು 1,700 ಕೆ.ಜಿ., ನಾಲ್ವರು ಮತ್ತು ಸಾಮಾನು ಸೇರಿ 2,000 ಕೆ.ಜಿ. ಎಂದಿಟ್ಟುಕೊಳ್ಳಿ. ಅಷ್ಟು ಭಾರ ಸಾವಿರ ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯನ್ನು ಕರೆಂಟು ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಐದೂವರೆ ಯೂನಿಟ್. ಈ ಕಾರಿನ ನಿಕ್ಕಲ್ ಬ್ಯಾಟರಿಯಲ್ಲಿ ಹಿಡಿಸುವುದು ಒಂದೂವರೆ ಯೂನಿಟ್ಟಿನ ಆಸುಪಾಸು, ಅದರಲ್ಲಿಯೂ ಒಂದು ಭಾಗವನ್ನು ಮಾತ್ರ ಬಳಸುವಂತೆ ಏರ್ಪಾಡಿದೆ. ಗಾಳಿ, ಟೈರುಗಳು ತಿಂದುಕೊಂಡದ್ದನ್ನು ಕಳೆದರೂ ಅರ್ಧ ಘಾಟಿ ಇಳಿಯುವುದರೊಳಗೆ ಬ್ಯಾಟರಿ ತುಂಬಿಬಿಡುತ್ತದೆ. ಆಗ ಹೆಚ್ಚುವರಿ ಶಕ್ತಿಯನ್ನು ಕಳೆಯಲು ವ್ಯವಸ್ಥೆ ಇಂಜಿನ್ನನ್ನು ಪೆಟ್ರೋಲ್ ಇಲ್ಲದೆಯೇ ಸುಮ್ಮನೆ ತಿರುಗಿಸುತ್ತದೆ. ಇಳಿಯುವಾಗ ಇಂಜಿನ್ ಏಕೋ ಕೂಗಿಕೊಳ್ಳುತ್ತಿದೆ ಎಂದು ಗಾಬರಿಯಾಗಿ ಫೋನ್ ಮಾಡುವವರಿದ್ದಾರೆ; ಅದು ಕೆಟ್ಟಿಲ್ಲ, ಬ್ರೇಕಿಗೆ ನೆರವಾಗುತ್ತಿದೆ. ಮಾಕುಟ್ಟದ ಇಳಿಜಾರಿನಲ್ಲಿಯೂ ಹೀಗೆಯೇ. ಸ್ಟೀರಿಂಗ್ ಹಿಂಬದಿಯ ಸಣ್ಣ ರೆಕ್ಕೆಗಳಿಂದ ಒಂದೆರಡು ಹಂತ ಇಳಿಸಿಕೊಂಡರೆ ಬ್ರೇಕ್ ಪ್ಯಾಡ್‌ಗಳ ಮೇಲಿನ ಹೊರೆ ಇನ್ನೂ ತಗ್ಗುತ್ತದೆ.

ಹಿಂದಿನ ಪೀಳಿಗೆಯಲ್ಲಿ ಡಿಕ್ಕಿಯ ಜಾಗವನ್ನು ಕಸಿದುಕೊಂಡಿದ್ದ ಈ ಬ್ಯಾಟರಿ 2018ರ ಮಾದರಿಯಿಂದ ಹಿಂದಿನ ಸೀಟಿನ ಅಡಿಗೆ ಬಂದಿದೆ. ಡಿಕ್ಕಿಗೆ 454 ಲೀಟರ್ ದಕ್ಕಿದೆ. ಬ್ಯಾಟರಿಯನ್ನು ತಣ್ಣಗಿಡುವ ಗಾಳಿಯನ್ನು ಕಾರಿನ ಒಳಗಿನಿಂದಲೇ, ಹಿಂದಿನ ಸೀಟಿನ ಬಳಿಯ ಜಾಲರಿಯ ಮೂಲಕ ಎಳೆದುಕೊಳ್ಳಲಾಗುತ್ತದೆ. ಅಲ್ಲಿ ಚೀಲ ಒರಗಿಸಬಾರದು, ನಾಯಿಯನ್ನು ಕೂರಿಸಿದರೆ ಕೂದಲು ತೆಗೆಯಬೇಕು, ಜಾಲರಿಯ ಹಿಂದಿನ ಫಿಲ್ಟರನ್ನು ಪ್ರತಿ ಸರ್ವಿಸಿನಲ್ಲಿ ಕೇಳಿ ಶುಚಿ ಮಾಡಿಸಬೇಕು. ಹಳೆಯ ಕಾರು ಕೊಳ್ಳುವಾಗ ಎಲ್ಲರೂ ಬಾನೆಟ್ ತೆರೆದು ನೋಡುತ್ತಾರೆ. ನೀವು ಮೊದಲು ಆ ಜಾಲರಿಯನ್ನು ನೋಡಿ.

ನೆಲದ ಅಂತರದ ಬಗ್ಗೆ ಊಹೆ ಬೇಡ, ಅಳೆದೇ ನೋಡಬಹುದು. ತೋಟದ ಆಚಾರಿಗೆ ಹೇಳಿ ಸಿಲ್ವರ್ ಓಕ್ ಹಲಗೆಯಲ್ಲಿ ಕಾಲು ಮೋಟಾದ ಮಂಚದಂಥ ಒಂದು ಚೌಕಟ್ಟನ್ನು ಮಾಡಿಸಿ: ಕಾಲಿನಿಂದ ಕಾಲಿಗೆ ಉದ್ದ 287 ಸೆಂಟಿಮೀಟರ್, ಅಗಲ 160, ನಡುವೆ ಮೂರು ಅಡ್ಡಪಟ್ಟಿಗಳು. ಖಾಲಿ ಕಾರಿನ ಹೊಟ್ಟೆ ನೆಲದಿಂದ 15 ಸೆಂಟಿಮೀಟರ್ ಎಂದುಕೊಂಡರೂ ಜನ ತುಂಬಿದಾಗ ಅದು ಕುಸಿಯುತ್ತದೆ, ಆದ್ದರಿಂದ ಕಾಲುಗಳ ಎತ್ತರ 13 ಸೆಂಟಿಮೀಟರ್ ಇರಲಿ. ಅದನ್ನು ಚಕ್ರದ ಜಾಡಿನಲ್ಲಿಯೇ ಗೇಟಿನಿಂದ ಮನೆಯವರೆಗೆ ಎಳೆಯಿರಿ. ಹಲಗೆ ತಾಗಿದ ಜಾಗದಲ್ಲಿ ಕಾರೂ ತಾಗುತ್ತದೆ. ಚಕ್ರಗಳಿಂದ ಆಚೆಗೆ ಹಿಂದೆ ಮುಂದೆ ಸೇರಿ ಎರಡು ಮೀಟರಿಗೂ ಹೆಚ್ಚು ಉದ್ದ ಚಾಚಿಕೊಂಡಿರುವುದರಿಂದ, ಮೋರಿಯಿಂದ ತಟ್ಟನೆ ಏರುವಲ್ಲಿ ಮೂಗಿನ ಚಿಂತೆ ಬೇರೆಯೇ ಇದೆ. ಅಲ್ಲಿ ಕಾರನ್ನು ಓರೆಯಾಗಿ ಹತ್ತಿಸಬೇಕಾಗುತ್ತದೆ.

ವಿರಾಜಪೇಟೆಯಿಂದ:

ಯಾರೂ ಬೇಸರಿಸಿಕೊಳ್ಳಬಾರದು, ಆದರೆ ಲೆಕ್ಕವನ್ನು ಯಾರಾದರೂ ಹೇಳಲೇಬೇಕು. 2018ರಲ್ಲಿ ಈ ಕಾರು ಭಾರತಕ್ಕೆ ಬಂದಾಗ ಷೋರೂಮ್ ಬೆಲೆ 59.13 ಲಕ್ಷ ರೂಪಾಯಿ. 2020ರ ಆರಂಭದಲ್ಲಿ ಬಿಡದಿಯಲ್ಲಿಯೇ ಜೋಡಿಸಲು ತೊಡಗಿದ ಮೇಲೆ ಅದು 51.9 ಲಕ್ಷಕ್ಕೆ ಇಳಿಯಿತು. ಅದೇ ಬಿಡದಿಯಿಂದ ಹೊರಬರುತ್ತಿದ್ದ ಕ್ಯಾಮ್ರಿ ಹೈಬ್ರಿಡ್‌ನ ಬೆಲೆ 2019ರಲ್ಲಿ 36.95 ಲಕ್ಷ. ಎರಡಕ್ಕೂ ತಳಹದಿ ಒಂದೇ, 2.5 ಲೀಟರಿನ ಇಂಜಿನ್ ಒಂದೇ, 218 ಅಶ್ವಶಕ್ತಿಯೂ ಒಂದೇ. ಉಳಿದ 15 ಲಕ್ಷ ಯಾವುದಕ್ಕೆ? ಮೆತ್ತನೆಯ ಚರ್ಮಕ್ಕೆ, 17 ಸ್ಪೀಕರ್‌ಗಳಿಗೆ, ಗ್ರಿಲ್ ಮೇಲಿನ ಒಂದು ಅಕ್ಷರಕ್ಕೆ. ಅಷ್ಟು ಹಣದಲ್ಲಿ ತೋಟಕ್ಕೆ ಬೋರ್‌ವೆಲ್, ಸ್ಪ್ರಿಂಕ್ಲರ್ ಪೈಪು ಎಲ್ಲ ಆಗಿ, ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ವರ್ಷವೂ ನೆಮ್ಮದಿಯಿಂದ ಇರಬಹುದಿತ್ತು. ತಂದೆಯವರಿಗಾಗಿಯೇ ಎಂದಾದರೆ, ಹತ್ತಿ ಇಳಿಯಲು ಸುಲಭವಾದ, ಎತ್ತರದ ಹೈಬ್ರಿಡ್ ಕಾರುಗಳು ಈಗ ಬೇಕಾದಷ್ಟಿವೆ. ಸೆಡಾನ್ ಎಂಬ ಆಕಾರವೇ ಕೊಡಗಿನದಲ್ಲ ಎಂಬುದು ನನ್ನ ಅಭಿಪ್ರಾಯ.

ಪಾಲಿಬೆಟ್ಟ ಓದುಗ:

ವಿರಾಜಪೇಟೆಯ ಮಿತ್ರರ ಲೆಕ್ಕ ಸರಿಯಾಗಿದೆ. ಆದರೆ ಒಂದೇ ತಳಹದಿಯಿಂದ ಒಂದೇ ಕಾರು ಆಗುವುದಿಲ್ಲ. ಒಂದೇ ತೋಟದ ಕಾಫಿಯನ್ನು ಹಣ್ಣಾದುದನ್ನೇ ಆರಿಸಿ, ಸಿಪ್ಪೆ ಬಿಡಿಸಿ ತೊಳೆದು ಪಾರ್ಚ್‌ಮೆಂಟ್ ಮಾಡಿದವನಿಗೂ, ಸಿಕ್ಕಿದ್ದನ್ನೆಲ್ಲ ಕಣದಲ್ಲಿ ಹರಡಿ ಸಿಪ್ಪೆ ಸಮೇತ ಚೆರ್ರಿ ಒಣಗಿಸಿದವನಿಗೂ ಬೆಲೆ ಬೇರೆಬೇರೆ ಸಿಗುತ್ತದೆ ಎಂಬುದು ನಮಗೆ ತಿಳಿಯದ್ದೇನಲ್ಲ.

ಲೆಕ್ಸಸ್‌ನವರ ಈ ಅಚ್ಚುಕಟ್ಟಿನ ಹಟ ಎಲ್ಲಿಂದ ಬಂತು ಎಂಬುದನ್ನು ನೆನೆಯಬೇಕು. 1983ರ ಆಗಸ್ಟ್‌ನಲ್ಲಿ ಟೊಯೊಟಾದ ಮುಖ್ಯಸ್ಥ ಏಜಿ ಟೊಯೋಡ, ಜಗತ್ತಿನ ಅತ್ಯುತ್ತಮ ಕಾರುಗಳಿಗೆ ಸವಾಲೆಸೆಯಬಲ್ಲ ಕಾರನ್ನು ನಾವು ಮಾಡಬಲ್ಲೆವೇ ಎಂದು ತಮ್ಮವರನ್ನು ಕೇಳಿದರು. ಉತ್ತರವಾಗಿ ಬಂದ ಲೆಕ್ಸಸ್ ಎಲ್‌ಎಸ್ 400 ಕಾರನ್ನು 1989ರ ಜನವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಜನರ ಮುಂದಿಟ್ಟಾಗ, ಅದರ ಹಿಂದೆ ಇಚಿರೊ ಸುಜುಕಿ ಎಂಬ ಮುಖ್ಯ ಇಂಜಿನಿಯರರ ಕೈಕೆಳಗೆ ಸುಮಾರು 450 ಮಾದರಿ ಕಾರುಗಳನ್ನು ಕಟ್ಟಿ ನೋಡಿದ ದುಡಿಮೆ ಇತ್ತು. ಸದ್ದನ್ನು ಹುಟ್ಟಿದ ಮೇಲೆ ಮುಚ್ಚಿಹಾಕುವ ಬದಲು ಹುಟ್ಟುವ ಜಾಗದಲ್ಲಿಯೇ ಅಡಗಿಸಬೇಕು ಎಂಬುದು ಅವರ ಹಾದಿ. ಆ ಕಾರಿನ ಬಾನೆಟ್ ಮೇಲೆ ಷಾಂಪೇನ್ ಲೋಟಗಳನ್ನು ಗೋಪುರದಂತೆ ಪೇರಿಸಿ, ಚಕ್ರಗಳನ್ನು ರೋಲರಿನ ಮೇಲೆ ಭಾರೀ ವೇಗದಲ್ಲಿ ತಿರುಗಿಸಿದರೂ ಲೋಟಗಳು ಅಲುಗದಿದ್ದ ಜಾಹೀರಾತು ಆಗ ಹೆಸರು ಮಾಡಿತ್ತು. ಇಎಸ್ ಕೂಡ ಅದೇ ವರ್ಷ ಹುಟ್ಟಿದ ತಮ್ಮ.

ಬೆಂಗಳೂರಿನಲ್ಲಿರುವ ಆ ಕಾರನ್ನು ಮತ್ತೆ ನೋಡಲು ಹೋದಾಗ ಮುಂದಿನ ಬಾಗಿಲಿನ ಒಳಭಾಗದ ಹೊಲಿಗೆಯ ಮೇಲೆ ಬೆರಳಾಡಿಸಿ. ಹೊಲಿಗೆಯ ಸಾಲು ಬಾಗಿಲಿನಿಂದ ಮುಂದಿನ ಡ್ಯಾಶ್‌ಬೋರ್ಡಿಗೆ ಎಲ್ಲಿಯೂ ಮಟ್ಟ ತಪ್ಪದೆ ದಾಟಿಹೋಗಬೇಕು. ಜಪಾನಿನಲ್ಲಿ 'ತಕುಮಿ' ಎಂದು ಕರೆಯುವ ಪಳಗಿದ ಕುಶಲಕರ್ಮಿಗಳನ್ನು ಆರಿಸುವಾಗ, ಅವರಿಗೆ ರೂಢಿಯಿಲ್ಲದ ಕೈಯೊಂದರಿಂದಲೇ 90 ಸೆಕೆಂಡಿನೊಳಗೆ ಕಾಗದದ ಬೆಕ್ಕನ್ನು ಮಡಚಿಸುತ್ತಾರೆ. ಲೆಕ್ಸಸ್‌ನ ಕೆಲವು ಕಾರುಗಳಲ್ಲಿರುವ 'ಶಿಮಾಮೊಕು' ಎಂಬ ಪಟ್ಟೆಪಟ್ಟೆಯ ಮರದ ಸ್ಟೀರಿಂಗ್‌ಗೆ 67 ಹಂತಗಳ ಕೆಲಸ, 38 ದಿನ ಹಿಡಿಯುತ್ತದೆ. ಇದನ್ನು ಹುಚ್ಚು ಎನ್ನುವವರಿರಬಹುದು. ಕೊಡವ ಕುಟುಂಬದ ಮೂಲಮನೆಯಾದ ಹಳೆಯ ಐನ್‌ಮನೆಯ ಕಂಬದ ಕೆತ್ತನೆಯನ್ನು ನೋಡಿ ಬೆಳೆದ ನಾನು ಹಾಗೆನ್ನಲಾರೆ.

ಮುಖದ ವಿಷಯಕ್ಕೆ ಬಂದರೆ, ತಯಾರಕರು ಇದನ್ನು ಸ್ಪಿಂಡಲ್ ಗ್ರಿಲ್ ಎನ್ನುತ್ತಾರೆ, ಅಂದರೆ ಕದಿರು. ಟೊಯೋಡ ಮನೆತನ ಕಾರಿಗಿಂತ ಮೊದಲು ಮಗ್ಗಗಳನ್ನು ಮಾಡುತ್ತಿದ್ದುದರಿಂದ ಆ ಹೆಸರು ಒಪ್ಪುತ್ತದೆ. ಆದರೂ ತಂದೆಯವರು ಹೇಳಿದ ದುಡಿಯೇ ನನಗೆ ಹೆಚ್ಚು ಹಿಡಿಸಿತು. ಜಾಲರಿಯಂತೆ ತುಂಬಿದ ಗ್ರಿಲ್‌ಗಿಂತ ಇಎಸ್‌ನ ಉದ್ದುದ್ದ ಪಟ್ಟಿಗಳ ಗ್ರಿಲ್ ಚೆಲುವಾಗಿದೆ. ದುಡಿಯ ಹಗ್ಗಗಳ ಹಾಗೆ ಆ ಪಟ್ಟಿಗಳು ನಡುವಿನ ಕಡೆಗೆ ಬಾಗುತ್ತವೆ. ಪಕ್ಕದಿಂದ ನೋಡಿದರೆ ಛಾವಣಿಯ ಗೆರೆ ಹಿಂದಕ್ಕೆ ಇಳಿಯುವ ಬಗೆಯೂ ಸೊಗಸಾಗಿದೆ, ಎತ್ತರದ ಆಳು ಹಿಂದೆ ಕುಳಿತಾಗ ತಲೆಗೆ ತಾಗುವಷ್ಟು ಸಮೀಪ ಬರುವುದೊಂದನ್ನು ಬಿಟ್ಟರೆ.

ನನಗೆ ಒಪ್ಪಿಗೆಯಾಗದ್ದು ಒಂದಿದೆ. 2020ರ ಕಾರಿನ ದೊಡ್ಡ ಪರದೆ ಮುಟ್ಟಿದರೆ ಕೆಲಸ ಮಾಡುವುದಿಲ್ಲ. ಗೇರ್ ಪಕ್ಕದ ಸಣ್ಣ ಪ್ಯಾಡಿನ ಮೇಲೆ ಬೆರಳು ಸವರಿ ಪರದೆಯ ಬಾಣವನ್ನು ಓಡಿಸಬೇಕು. ಓಡುವ ಕಾರಿನಲ್ಲಿ ಅದು ಕೈಗೆ ಸಿಗುವುದೇ ಇಲ್ಲ. 2021ರ ಪರಿಷ್ಕರಣೆಯಲ್ಲಿ ಮುಟ್ಟುವ ಪರದೆ ಬಂತು. ಬೆಲೆ ಮಾತಾಡುವಾಗ ಇದನ್ನು ಬಾಯಿಬಿಟ್ಟು ಹೇಳಿ.

ಸೋಮವಾರಪೇಟೆ ಗೃಹಿಣಿ:

ತೇವದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ನಮ್ಮದು ಬೇರೆ ಕಂಪನಿಯ ಕಾರು, ಆದರೆ ಚರ್ಮ ಚರ್ಮವೇ. ಒಂದು ವರ್ಷ ಮಳೆಗಾಲದಲ್ಲಿ ಮೂರು ವಾರ ಶೆಡ್ಡಿನಲ್ಲಿ ಮುಚ್ಚಿಟ್ಟು ತೆರೆದಾಗ ಸೀಟಿನ ಹೊಲಿಗೆಯ ಸಾಲುಗಳಲ್ಲೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಅಂದಿನಿಂದ ವಾರಕ್ಕೆ ಎರಡು ಸಲ ಎ.ಸಿ. ಹಾಕಿ ಅರ್ಧ ಗಂಟೆ ಚಾಲೂ ಇಡುತ್ತೇವೆ. ಎ.ಸಿ. ಗಾಳಿಯ ನೀರನ್ನು ಹಿಂಡಿ ಹೊರಹಾಕುತ್ತದೆ, ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಒದ್ದೆ ಕೊಡೆಯನ್ನು ಒಳಗೆ ಬಿಡಬಾರದು, ನೆಲದ ಮ್ಯಾಟನ್ನು ಒಲೆಯ ಹತ್ತಿರ ಒಣಗಿಸಬೇಕು. ಹೈಬ್ರಿಡ್ ಕಾರಿನಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ ಸಾಮಾನ್ಯ 12 ವೋಲ್ಟಿನ ಬ್ಯಾಟರಿಯೂ ಇರುತ್ತದೆ. ನಿಂತಲ್ಲೇ ನಿಂತರೆ ಖಾಲಿಯಾಗುವುದು ಅದು. ಖಾಲಿಯಾದರೆ ದೊಡ್ಡದು ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಕೇವಲ ಲೈಟು ಹೊತ್ತಿಸಿಟ್ಟರೆ ಸಾಲದು, ರೆಡಿ ಎಂದು ತೋರಿಸುವವರೆಗೆ ಚಾಲೂ ಮಾಡಬೇಕು. ಕಾಫಿ ಚೀಲಗಳನ್ನು ಪೇರಿಸಿದ ಶೆಡ್ಡಿನಲ್ಲಿ ಮಾತ್ರ ಕಾರು ನಿಲ್ಲಿಸಬೇಡಿ. ಇಲಿಗಳಿಗೆ 60 ಲಕ್ಷದ ವೈರಿನ ರುಚಿ ಬೇರೆಯೇನಲ್ಲ.

ಅಮ್ಮತ್ತಿ ಬೆಳೆಗಾರ:

ಇಷ್ಟು ಶ್ರಮ ವಹಿಸಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿವೃತ್ತ ಇಂಜಿನಿಯರ್ ಸರ್ ಹೇಳಿದ ಮೋಟುಮಂಚವನ್ನು ನಮ್ಮ ಆಚಾರಿ ಅರ್ಧ ದಿನದಲ್ಲಿ ಮಾಡಿಕೊಟ್ಟರು. ನಿನ್ನೆ ಬೆಳಿಗ್ಗೆ ಇಬ್ಬರು ಕೆಲಸದವರು ಅದಕ್ಕೆ ಹಗ್ಗ ಕಟ್ಟಿ ಗೇಟಿನಿಂದ ಎಳೆದುಕೊಂಡು ಬಂದರು. ಯಾರನ್ನು ಮಲಗಿಸುವುದಕ್ಕೆ ಎಂದು ತೋಟದ ಕೆಲಸದವರ ಲೈನ್ ಮನೆಯವರೆಲ್ಲ ಕೇಳಿದ್ದೂ ಆಯಿತು. 600 ಮೀಟರಿನಲ್ಲಿ ಎರಡೇ ಕಡೆ ತಾಗಿತು: ಮೋರಿಯ ಆಚೆ ದಂಡೆಯಲ್ಲಿ ಸಿಮೆಂಟಿನ ಅಂಚು, ಮತ್ತು ಕಣದ ತಿರುವಿನಲ್ಲಿ ಮಳೆನೀರು ಎರಡೂ ಜಾಡನ್ನು ಕೊರೆದು ನಡುವೆ ಉಳಿಸಿರುವ ಮಣ್ಣಿನ ದಿಂಡು. ದಿಂಡಿನ ಮೇಲೆ ಮೂರು ಅಡ್ಡಪಟ್ಟಿಗಳೂ ಕೂತುಬಿಟ್ಟವು, ನಾಲ್ಕು ಕಾಲುಗಳೂ ಗಾಳಿಯಲ್ಲಿದ್ದವು. ಜೀಪಿನಲ್ಲಿ ಹದಿನೈದು ವರ್ಷ ಅದರ ಮೇಲೆಯೇ ಓಡಾಡಿದ್ದರೂ ಅಲ್ಲೊಂದು ದಿಂಡಿದೆ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ.

ಕಳೆದ ಭಾನುವಾರ ತಂದೆಯವರನ್ನು ಮತ್ತೆ ಕರೆದುಕೊಂಡು ಹೋಗಿದ್ದೆ. ಮೊದಲ ಸಲ ಏಳುವಾಗ ನನ್ನ ಕೈ ಹಿಡಿದರು. ಎರಡನೆಯ ಸಲ ಬಾಗಿಲಿನ ಕಂಬ ಹಿಡಿದು ತಾವೇ ಎದ್ದರು. ಮೂರನೆಯ ಸಲ ದಿಂಬು ಹಾಕಿ ಕೂರಿಸಿದಾಗ ಏಳಲೇ ಇಲ್ಲ, ಒರಗನ್ನು ಹಿಂದಕ್ಕೆ ವಾಲಿಸುವ ಗುಂಡಿ ಯಾವುದೆಂದು ಕೇಳಿದರು. ವಿರಾಜಪೇಟೆಯವರು ಹೇಳಿದ ಎತ್ತರದ ಕಾರೊಂದರಲ್ಲಿಯೂ ಕೂರಿಸಿ ನೋಡಿದೆ. ಹತ್ತುವುದು ಖಂಡಿತ ಸುಲಭವಾಗಿತ್ತು, ಆದರೆ ಹಂಪ್‌ನಲ್ಲಿ ಅವರ ಕೈ ಮತ್ತೆ ಕಿಟಕಿಯ ಮೇಲಿನ ಹಿಡಿಗೆ ಹೋಯಿತು. ಪ್ಯಾಡಿನ ದೂರನ್ನು ಸೋದರಮಾವನ ಮಗನಿಗೆ ಹೇಳಿದ್ದಕ್ಕೆ ಅವನೇ ಅದನ್ನು ನನಗಿಂತ ಹೆಚ್ಚು ಬೈದು, ಇಪ್ಪತ್ತೈದು ಸಾವಿರ ಇಳಿಸಿದ. ಸೀಟಿನ ಬಳಿಯ ಜಾಲರಿಯಲ್ಲಿ ಬೆಕ್ಕಿನ ಕೂದಲು ಸಿಕ್ಕಿತು, ಶುಚಿ ಮಾಡಿಸಿಯೇ ಕೊಡುವುದಾಗಿ ಒಪ್ಪಿದ್ದಾನೆ.

ಚೌಕಟ್ಟು ತಾಗಿದ ಎರಡೂ ಕಡೆ ಸುಣ್ಣದ ಗುರುತು ಹಾಕಿದ್ದೇನೆ. ಸಿಮೆಂಟಿನ ಅಂಚನ್ನು ಒಡೆಸಿ ಇಳಿಜಾರು ಮಾಡಿಸಬೇಕು, ತಿರುವಿಗೆ ಜಲ್ಲಿ ಹೇಳಿದ್ದೇನೆ. ಲೋಡು ಸೋಮವಾರ ಬರುತ್ತದೆ. ಅದು ಕೂತ ಮೇಲೆ ಇನ್ನೊಮ್ಮೆ ಮಂಚ ಎಳೆಸಿ, ತಾಗದಿದ್ದರೆ ಮುಂಗಡ ಕೊಡುತ್ತೇನೆ.